ಎರಡು ಕೂದಲಿನಷ್ಟು ಆಟ

ನನ್ನ ಭಾವನ ಬೆರಳ ತುದಿಗಳು ಸತ್ತುಹೋಗಿವೆ ಎಂಬುದು ನನಗೆ ಗೊತ್ತಾದದ್ದು ಒಂದು ಟೀ ಲೋಟದಿಂದ. ಒಲೆಯಿಂದ ಆಗಷ್ಟೇ ಇಳಿದ ಟೀ. ನಾನು ಲೋಟವನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಅಂಗಿಯ ಚುಂಗಿಗೆ ಬದಲಾಯಿಸುತ್ತ ಊದುತ್ತಿದ್ದೆ. ಭಾವ ಮಾತ್ರ ಗಾಜಿನ ಲೋಟವನ್ನು ಐದೂ ಬೆರಳಿನಲ್ಲಿ ತಬ್ಬಿ ಹಿಡಿದು, ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, ಹೋಗಿಬರುವವರನ್ನು ನೋಡುತ್ತಿದ್ದರು.

"ಸುಡಲ್ವಾ ಭಾವ?" ಎಂದೆ.

ಅವರು ಲೋಟದ ಕಡೆ ನೋಡಿದರು. ಆಮೇಲೆ, ತಡವಾಗಿ, "ಹಾ, ಸುಡತ್ತೆ" ಎಂದು ಕೆಳಗಿಟ್ಟರು. ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಗುಜರಿ ಅಂಗಡಿ ಇಟ್ಟುಕೊಂಡ ನನಗೆ ಅದು ಬಾಯಿಪಾಠ, ಹಾಗಾಗಿ ಬೇರೆಯವರದ್ದು ಬೇಗ ಗೊತ್ತಾಗುತ್ತದೆ. ಬಿಡದೆ ಕೇಳಿದ್ದಕ್ಕೆ ಬಾಯಿಬಿಟ್ಟರು. "ನಾಲ್ಕು ತಿಂಗಳಾಯ್ತು ಕಣೋ. ಬೆರಳಿಗೆಲ್ಲ ಹತ್ತಿ ಸುತ್ತಿದ ಹಾಗಿದೆ. ನಿನ್ನ ಅಕ್ಕನಿಗೆ ಹೇಳ್ಬೇಡ."

"ಡಾಕ್ಟರಿಗೆ?"

"ಯಾರಿಗೂ ಹೇಳ್ಬೇಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ಯೋಚಿಸುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಬೇರೆಯವರ ಬೆರಳು ಜೋಮು ಹಿಡಿದರೆ ಅದು ಅವರ ಮನೆಯ ಮಾತು. ಭಾವನ ಬೆರಳು ಹಾಗಲ್ಲ, ಅದು ನಮ್ಮ ಬೀದಿಯ ಆಸ್ತಿ. ನಮ್ಮದು ಗಾಡಿ ರಿಪೇರಿಯವರ ಬೀದಿ. ಬ್ಯಾಟರಿಯವನು, ಪೇಂಟಿನವನು, ರೇಡಿಯೇಟರಿನವನು, ಕಬ್ಬಿಣ ಕಡೆಯುವ ಲೇತ್ ಮೆಷಿನ್ ಇಟ್ಟುಕೊಂಡವನು, ಕೊನೆಯಲ್ಲಿ ಹಳೆ ಸಾಮಾನು ಮಾರುವ ನಾನು. ಲೇತಿನವನ ಎದುರಿಗೆ ಭಾವನ ಶೆಡ್ಡು. ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಗುಂಡು ಇರುತ್ತದಲ್ಲ, ಡಿಫರೆನ್ಶಿಯಲ್, ಅದನ್ನು ಬಿಟ್ಟು ಅವರು ಬೇರೆ ಕೆಲಸ ಮುಟ್ಟುವುದಿಲ್ಲ. ಅದರೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಮೂವತ್ತೈದು ವರ್ಷದಿಂದ ಈ ಹಲ್ಲುಗಳನ್ನೇ ನೋಡುತ್ತ ಬಂದದ್ದಕ್ಕೆ ಜನ ಅವರನ್ನು ಹಲ್ಲು ಡಾಕ್ಟರ್ ಎಂದೇ ಕರೆಯುತ್ತಾರೆ. ಒಮ್ಮೆ ಒಬ್ಬರು ನಿಜವಾಗಿಯೂ ದವಡೆ ಊದಿಸಿಕೊಂಡು ಬಂದಿದ್ದರು.

ಹಲ್ಲಿಗೂ ಹಲ್ಲಿಗೂ ನಡುವೆ ಚೂರು ಸಡಿಲ ಇರಬೇಕು. ಅದಕ್ಕೆ ನಾವು ಆಟ ಎನ್ನುತ್ತೇವೆ. ಆಟ ಹೆಚ್ಚಾದರೆ ಗಾಡಿ ಕಟಕಟ ಎನ್ನುತ್ತದೆ. ಕಡಿಮೆಯಾದರೆ ಹಲ್ಲು ಕಾದು, ಭಾರ ಬಿದ್ದ ಹೊತ್ತಿನಲ್ಲಿ ಮುರಿಯುತ್ತದೆ. ಎಷ್ಟಿರಬೇಕು ಎಂದರೆ ಭಾವ ಹೇಳುವುದು ಒಂದೇ, ಎರಡು ಕೂದಲಿನಷ್ಟು. ಅದನ್ನು ನೋಡುವುದಕ್ಕೆ ಅವರದೊಂದು ಕ್ರಮ. ಮೊದಲು ಮೂಲೆಯ ತೊಟ್ಟಿಯಲ್ಲಿ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುತ್ತಾರೆ. "ಎಣ್ಣೆ ಕೈ ಸುಳ್ಳು ಹೇಳತ್ತೆ" ಎನ್ನುತ್ತಾರೆ. ಒರೆಸಿಕೊಂಡು ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಮೂರು ಬೆರಳಿನಲ್ಲಿ ಕ್ರೌನನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುತ್ತಾರೆ. ಸರಿಯಿದ್ದರೆ "ಕೂತಿತು" ಎಂದು ಎದ್ದು ಟೀ ಕುಡಿಯಲು ಹೊರಡುತ್ತಾರೆ. ಗಿರಾಕಿಗಳು ಬಂದು "ಹಲ್ಲು ಡಾಕ್ಟರ್ ಇದ್ದಾರಾ?" ಎಂದರೆ ಬೀದಿಯಲ್ಲಿ ಯಾರಾದರೊಬ್ಬರು "ಇರಿ, ಕೈ ತೊಳ್ಕೊತಿದ್ದಾರೆ" ಎನ್ನುತ್ತಿದ್ದರು. ಅರ್ಧ ದಿನ ಅವರು ಕೈ ತೊಳೆಯುತ್ತಲೇ ಇರುತ್ತಿದ್ದರು ಬಿಡಿ.

ಇದೇ ಆಟವನ್ನು ಅಳೆಯಲು ಮುಳ್ಳಿರುವ ಗೇಜ್ ಒಂದಿದೆ. ಎದುರಿನ ಲೇತಿನವನ ಹತ್ತಿರ ಇತ್ತು. ಭಾವ ಅದನ್ನು ನೋಡಿದಾಗಲೆಲ್ಲ, "ಹೊಟ್ಟೆ ಹಸಿದಿದೆಯಾ ಅಂತ ಗಡಿಯಾರ ನೋಡೋ ಜನ" ಎಂದು ರಸ್ತೆಗೆ ಕೇಳುವ ಹಾಗೆ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಅಂದರು. ಲೇತಿನವನು ಇಪ್ಪತ್ತು ವರ್ಷವೂ ನಕ್ಕು ಸುಮ್ಮನಾಗಿದ್ದ.

ಟೀ ಲೋಟದ ಸಂಗತಿ ನಡೆದು ವಾರವಾಗಿರಲಿಲ್ಲ, ದನದ ಡಾಕ್ಟರಮ್ಮ ಬಂದರು. ಅವರದು ಹಳೆಯ ಪುಟ್ಟ ಜೀಪು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಇರುವಂಥದ್ದು. ಕಲ್ಲು ಕ್ವಾರಿಯ ಮೇಲಿನ ಗುಡ್ಡದಲ್ಲಿ ಕುರಿ ಹಟ್ಟಿಗಳಿವೆ, ಅಲ್ಲಿಗೆ ಲಸಿಕೆ ಹಾಕಲು ಹೋಗಬೇಕು. ದಾರಿ ಎಂದರೆ ಮಳೆನೀರು ಕೊರೆದ ಏರು.

"ಒಂದು ಕೊರಕಲಲ್ಲಿ ಹಿಂದಿನ ಒಂದು ಚಕ್ರ ಗಾಳಿಗೆ ಏಳತ್ತೆ ಯಜಮಾನ್ರೇ. ಮುಂದಿನವು ಜಲ್ಲಿ ಮೇಲೆ ಜಾರ್ತವೆ, ಎದ್ದ ಚಕ್ರ ಗಿರಗಿರ ತಿರುಗತ್ತೆ, ನೆಲದಲ್ಲಿರೋದು ಸುಮ್ನೆ ನೋಡ್ತಾ ನಿಂತಿರತ್ತೆ. ಈ ವರ್ಷ ಮೂರು ಸಲ ಅರ್ಧ ದಾರಿಯಿಂದ ವಾಪಸ್ ಬಂದೆ. ಐಸ್ ಡಬ್ಬಿಯಲ್ಲಿನ ಲಸಿಕೆ ಅಷ್ಟೂ ಹಾಳು."

ಡಿಫರೆನ್ಶಿಯಲ್ಲಿನ ಜಾತಕವೇ ಅಷ್ಟು. ಸುಲಭ ಇದ್ದ ಕಡೆಗೆ ಬಲವನ್ನೆಲ್ಲ ಬಿಟ್ಟುಕೊಡುತ್ತದೆ, ಥೇಟ್ ನನ್ನ ಹಾಗೆ. ಅದಕ್ಕೆ ಮದ್ದು ಎಂದರೆ ಲಾಕ್, ಎರಡೂ ಚಕ್ರವನ್ನು ಒಂದಕ್ಕೊಂದು ಕಚ್ಚಿಸಿ ಒಟ್ಟಿಗೆ ತಿರುಗಿಸುವ ಜೋಡಣೆ. ಆದರೆ ಆ ಮುದಿ ಜೀಪಿಗೆ ಲಾಕ್ ಮಾಡುವ ಕಂಪನಿ ಎಲ್ಲೂ ಉಳಿದಿಲ್ಲ. ಯಾರೋ ಮೆಕ್ಯಾನಿಕ್ ಒಳಗಿನ ಹಲ್ಲುಗಳನ್ನು ವೆಲ್ಡ್ ಮಾಡಿಬಿಡಿ ಎಂದಿದ್ದನಂತೆ. ಭಾವನ ಮುಖ ಕೆಂಪಾಯಿತು.

"ವೆಲ್ಡ್ ಮಾಡಿದ್ರೆ ಯಾವಾಗ್ಲೂ ಲಾಕೇ. ಟಾರು ರಸ್ತೆಯಲ್ಲಿ ತಿರುವು ತಗೊಂಡ್ರೆ ಟೈರು ಸವೆಯತ್ತೆ, ಇಲ್ಲಾ ಆಕ್ಸಲ್ ಮುರಿಯತ್ತೆ. ಬೇಕಾದಾಗ ಹಿಡ್ಕೋಬೇಕು, ಬೇಡದಾಗ ಬಿಡಬೇಕು ಡಾಕ್ಟ್ರಮ್ಮ. ಸಂಸಾರ ಇದ್ದ ಹಾಗೆ."

ನಾನು ಡಾಕ್ಟರಮ್ಮನ ಬೆನ್ನ ಹಿಂದೆ ನಿಂತು ಕಣ್ಣು ಹೊಡೆದೆ, ತಲೆ ಅಲ್ಲಾಡಿಸಿದೆ, ಕೈ ಮುಗಿದೆ. ಬೇಡ ಎನ್ನಲಿ ಎಂದು. ಭಾವ ನನ್ನನ್ನು ನೋಡಿಯೂ ನೋಡದವರಂತೆ, "ಹುಡುಕಿ ಕೂರಿಸಿ ಕೊಡ್ತೀನಿ" ಎಂದುಬಿಟ್ಟರು. ಅವರಿಗೆ ಆಸೆ. ಬೇರೆ ಗಾಡಿಯ ಲಾಕನ್ನು ತಂದು ಈ ಗಾಡಿಗೆ ಒಗ್ಗಿಸುವ ಕೆಲಸ ಅವರ ಜನ್ಮದಲ್ಲಿ ಬಂದದ್ದು ಇದೇ ಮೊದಲು. ಬೇಡ ಎಂದರೆ ಯಾಕೆ ಎಂದು ಬೀದಿಯೇ ಕೇಳುತ್ತದೆ, ಅದೊಂದು ಹೆದರಿಕೆ. ನನಗೂ ಹೆದರಿಕೆಯಿತ್ತು, ಬೇರೆಯದು. ಆ ಏರಿನ ಒಂದು ಬದಿಗೆ ಕ್ವಾರಿಯ ಹೊಂಡ. ಬಿಗಿಯಾಗಿ ಕೂರಿಸಿದ ಹಲ್ಲು ಅಲ್ಲಿ ಮುರಿದರೆ ಗಾಡಿ ಹಿಂದಕ್ಕೆ ಜಾರುತ್ತದೆ, ಒಳಗೆ ಡಾಕ್ಟರಮ್ಮ ಇರುತ್ತಾರೆ.

ಡಾಕ್ಟರಮ್ಮ ಜೀಪನ್ನು ಶೆಡ್ಡಿನಲ್ಲೇ ಬಿಟ್ಟು ಹೋದರು. ಎರಡು ವಾರ ಹುಡುಕಿದೆವು. ಎಲ್ಲೆಲ್ಲಿಯ ಗುಜರಿಗಳಿಗೋ ಫೋನು, ಬಸ್ಸು ಹತ್ತಿ ಹೋಗಿ ಬರಿಗೈಯಲ್ಲಿ ವಾಪಸು. ಕೊನೆಗೆ ಒಂದು ಮಧ್ಯಾಹ್ನ ನಾನು ನನ್ನ ಅಂಗಳದಲ್ಲಿ ಊಟ ಮಾಡುತ್ತಿರುವಾಗ ಭಾವ ಬಂದು, "ಏಳು" ಎಂದರು. ಎದ್ದೆ. ನಾನು ಕೂತಿದ್ದು ಗಣಿಗೆ ಓಡುತ್ತಿದ್ದ ಯಾವುದೋ ಸಾಮಾನು ಗಾಡಿಯ ಹಿಂದಿನ ಆಕ್ಸಲ್ ಮೇಲೆ. ಅದರ ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಪುಟ್ಟ ಸನ್ನೆಕೋಲು, ಅದಕ್ಕೆ ಹರಿದ ಕೇಬಲ್ಲಿನ ತುಂಡು. ಚಾಲಕನ ಸೀಟಿನ ಪಕ್ಕದಿಂದ ಎಳೆದರೆ ಹಿಡಿಯುವ, ಬಿಟ್ಟರೆ ಬಿಡುವ ಲಾಕ್! ಆರು ವರ್ಷ ಅದರ ಮೇಲೆ ಕೂತು ಉಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಬಿಚ್ಚಿ ತೊಳೆದು ನೋಡಿದೆವು. ಲಾಕಿನೊಳಗೆ ಜೀಪಿನ ಆಕ್ಸಲ್ ತೂರಬೇಕಾದರೆ ಎರಡರ ಮೈಮೇಲಿನ ಉದ್ದ ಗೀರುಗಳ ಎಣಿಕೆ ಒಂದೇ ಇರಬೇಕು. ಎಣಿಸಲು ನನ್ನನ್ನು ಕೂರಿಸಿದರು. ಒಮ್ಮೆ ಇಪ್ಪತ್ತಾರು ಬಂತು, ಒಮ್ಮೆ ಇಪ್ಪತ್ತೇಳು. ಸೀಮೆಸುಣ್ಣದ ಗುರುತು ಹಾಕಿದ್ದನ್ನು ನಾನು ಮೊದಲಲ್ಲೂ ಕೊನೆಯಲ್ಲೂ ಎಣಿಸಿದ್ದೆ. ಭಾವ ದೂರದಿಂದಲೇ ಕಣ್ಣಾಡಿಸಿ "ಇಪ್ಪತ್ತಾರು" ಎಂದರು. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದ ಹದ್ದಿನ ಕಣ್ಣು ಅವರದು. ಎಣಿಕೆ ಹೊಂದಿತು, ಆದರೆ ಕ್ರೌನ್ ಕೂರುವ ಜಾಗ ಪಿನಿಯನ್ನಿನಿಂದ ದೂರವಾಗುತ್ತಿತ್ತು. ನಡುವೆ ಒಂದು ಉಕ್ಕಿನ ಬಳೆ ಬೇಕು. ಲೇತಿನವನು ಎರಡು ದಿನ ಕೂತು ಅದನ್ನು ಕಡೆದುಕೊಟ್ಟ. ಬೇರಿಂಗ್ ನನ್ನ ಡಬ್ಬಿಗಳಲ್ಲೇ ಸಿಕ್ಕಿತು. ಎಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಉಳಿದದ್ದು ಆ ಎರಡು ಕೂದಲು.

ಡಾಕ್ಟರಮ್ಮ ಬರಬೇಕಾದ ಹಿಂದಿನ ದಿನ, ಊಟದ ಹೊತ್ತಿಗೆ ಮುಂಚೆ, ಭಾವ ಕೈ ತೊಳೆದು ಸ್ಟೂಲಿನ ಮೇಲೆ ಕೂತರು. ಬೆಂಚಿನ ಮೇಲೆ ಜೋಡಿಸಿದ ಡಿಫರೆನ್ಶಿಯಲ್. ಕಣ್ಣು ಮುಚ್ಚಿದರು. ಮೂರು ಬೆರಳು ಇಟ್ಟರು. ಬೆರಳು ತೆಗೆದು ಮಣಿಕಟ್ಟು ಇಟ್ಟರು. ಬಗ್ಗಿ ಕೆನ್ನೆಯನ್ನೇ ಕಬ್ಬಿಣಕ್ಕೆ ತಾಗಿಸಿದರು. ಬಹಳ ಹೊತ್ತಾದ ಮೇಲೆ "ಸರಿಯಾಯ್ತು" ಎಂದರು. "ಕೂತಿತು" ಎನ್ನಲಿಲ್ಲ. ಟೀಗೂ ಏಳಲಿಲ್ಲ.

"ಲೇತಿನವನ ಗೇಜಲ್ಲಿ ಒಂದ್ಸಲ ನೋಡೋಣ ಭಾವ" ಎಂದೆ, ಆದಷ್ಟು ಮೆತ್ತಗೆ.

"ಮೂವತ್ತೈದು ವರ್ಷ ಇಲ್ಲದ್ದು ಇವತ್ತು ಯಾಕೆ?" ಎಂದರು. ಮುಖ ಬೇರೆ ಕಡೆ ಇತ್ತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಹೊರಗೆ ಬಂದು ನೇರ ಅಕ್ಕನ ಮನೆಗೆ ಹೋದೆ. ಕೊಟ್ಟ ಮಾತು ಹಾಳಾಗಿ ಹೋಗಲಿ.

ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಶಾಲೆಯ ಬಿಳಿ ಅಂಗಿಗಳ ರಾಶಿ ಪಕ್ಕದಲ್ಲಿತ್ತು. ನಾನು ಹೊಸಿಲಲ್ಲೇ ನಿಂತು, "ಅಕ್ಕ, ಭಾವನ ಬೆರಳು..." ಎಂದು ಶುರುಮಾಡಿದೆ.

"ಗೊತ್ತು ಕಣೋ" ಎಂದಳು, ಮೆಷಿನ್ ತುಳಿಯುತ್ತಲೇ.

ಅವಳು ಡ್ರಾಯರಿನಿಂದ ಒಂದು ಬಿಳಿ ಕಾಲರ್ ತೆಗೆದು ತೋರಿಸಿದಳು. ಅದರ ಮೇಲೆ ಕಂದು ಬಣ್ಣದ ನಾಲ್ಕೈದು ಚುಕ್ಕೆ. "ನನಗೆ ಹತ್ತಿರದ್ದು ಕಾಣಲ್ಲ ಅಲ್ವಾ, ಸೂಜಿಗೆ ದಾರ ಹಾಕಿ ಕೊಡೋರು ಅವರೇ. ಅವತ್ತು ಸೂಜಿ ಚುಚ್ಚಿ ರಕ್ತ ತೊಟ್ಟಿಕ್ತಾ ಇದೆ, ಇವರು ಆರಾಮಾಗಿ ರೇಡಿಯೋ ಕೇಳ್ತಾ ಕೂತಿದ್ದಾರೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಇಲ್ಲ ಅಂತಿದ್ರು. ಒಂದ್ಸಲ ಇಲ್ಲ ಅಂದ್ರೆ ಆಮೇಲೆ ಅವರಿಗೆ ಹೌದು ಅನ್ನಕ್ಕೆ ಬರಲ್ಲ. ಅವರಾಗೇ ಹೇಳ್ಲಿ ಅಂತ ಕಾದೆ."

"ಕಾಯೋಕೆ ಟೈಮಿಲ್ಲ ಅಕ್ಕ. ನಾಳೆ ಡಾಕ್ಟರಮ್ಮ ಅದನ್ನ ಹಾಕ್ಕೊಂಡು ಕ್ವಾರಿ ಏರು ಹತ್ತುತ್ತಾರೆ."

ಅಕ್ಕ ಹೊಲಿಗೆಯ ನಡುವೆ ಮೆಷಿನ್ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೂಜಿ ಬಟ್ಟೆಯೊಳಗೆ ಹಾಗೇ ಇತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಕ್ಕ ಶೆಡ್ಡಿನ ಬಾಗಿಲವರೆಗೆ ಬುತ್ತಿ ತಂದವಳೇ ಹೊರತು ಒಳಗೆ ಕಾಲಿಟ್ಟವಳಲ್ಲ, ಬಟ್ಟೆಗೆ ಎಣ್ಣೆ ತಾಗುತ್ತದೆ ಎಂದು. ಆ ದಿನ ನೇರ ಒಳಗೆ ಹೋದಳು. ಮೂಲೆಯ ತೊಟ್ಟಿಯ ಬಳಿ ನಿಂತು, ಭಾವನ ಸೋಪನ್ನು ತೆಗೆದುಕೊಂಡು, ಮೊಣಕೈವರೆಗೆ ಕೈ ತೊಳೆಯತೊಡಗಿದಳು. ಭಾವ ಅವಳನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಅರ್ಥವಾಯಿತು ಎಂದು ನನಗೆ ಆಗಲೇ ಗೊತ್ತಾಯಿತು.

"ರೀ, ಸ್ವಲ್ಪ ಸರೀರಿ" ಎಂದಳು. ಅವರು ಸರಿದರು. ಸ್ಟೂಲಿನ ಮೇಲೆ ಕೂತು ಕ್ರೌನಿನ ಮೇಲೆ ಮೂರು ಬೆರಳು ಇಟ್ಟಳು. ನೂಲು ನೂಲಿನ ಲೆಕ್ಕದಲ್ಲಿ ಬಟ್ಟೆ ಮುಟ್ಟಿ ಬಾಳಿದ ಬೆರಳುಗಳು. ಹಿಂದಕ್ಕೆ, ಮುಂದಕ್ಕೆ. "ಇದು ಅಲ್ಲಾಡೋದೇ ಇಲ್ಲವಲ್ರೀ. ಬಿಗಿದು ಹೊಲಿದ ಕಾಲರ್ ಇದ್ದ ಹಾಗಿದೆ."

"ಸ್ವಲ್ಪಾನೂ ಇಲ್ವಾ?"

"ಇಲ್ಲ."

ಎದುರಿನ ಲೇತ್ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಭಾವ ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು. "ನನಗೆ ಗೊತ್ತಾಗ್ಲಿಲ್ಲ ಕಣೇ" ಎಂದರು. "ಏನೂ ಗೊತ್ತಾಗ್ತಾ ಇಲ್ಲ. ಐದು ತಿಂಗಳಾಗ್ತಾ ಬಂತು." ನಾನು ನೆಲದ ಮೇಲೆ ಇಲ್ಲದ ಒಂದು ಬೋಲ್ಟನ್ನು ಹುಡುಕತೊಡಗಿದೆ, ಕಣ್ಣಲ್ಲಿ ನೀರು ಬಂದಿತ್ತು.

"ಸರಿ" ಎಂದಳು ಅಕ್ಕ. "ಎಷ್ಟು ಬೇಕು ಅಂತ ಹೇಳಿ."

ಅಷ್ಟೇ. ಯಾಕೆ ಮುಚ್ಚಿಟ್ಟಿರಿ, ನಾನೇನು ಹೊರಗಿನವಳೇ, ಒಂದೂ ಇಲ್ಲ. ನನ್ನ ಹೆಂಡತಿಯಾಗಿದ್ದರೆ ಹತ್ತು ವರ್ಷದ ಹಿಂದಿನದ್ದನ್ನೂ ಸೇರಿಸಿ ಕೇಳುತ್ತಿದ್ದಳು, ಕೇಳಬೇಕಾದದ್ದೇ.

ಭಾವ ಹಲಗೆಯ ಮೇಲಿನಿಂದ ಹಳೆಯದೊಂದು ಡಿಫರೆನ್ಶಿಯಲ್ ಇಳಿಸಿದರು. ಎರಡು ವರ್ಷದ ಹಿಂದೆ, ಬೆರಳು ಚೆನ್ನಾಗಿದ್ದಾಗ, ಅವರೇ ಕೂರಿಸಿದ್ದು. "ಇದು ಸರಿ ಇರೋದು. ಇದನ್ನ ಮುಟ್ಟು, ಆಮೇಲೆ ಅದನ್ನ ಮುಟ್ಟು. ಎರಡೂ ಒಂದೇ ಥರ ಆಗ್ಬೇಕು." ಅವರು ಬೋಲ್ಟ್ ಬಿಚ್ಚಿ, ಬೇರಿಂಗಿನ ಪಕ್ಕದ ಕಾಗದದಂಥ ತಗಡಿನ ಬಳೆಗಳನ್ನು ಈ ಬದಿಯಿಂದ ತೆಗೆದು ಆ ಬದಿಗೆ ಹಾಕಿ, ಮತ್ತೆ ಬಿಗಿಯುತ್ತಿದ್ದರು. ಅವಳು ಮುಟ್ಟಿ ಹೇಳುತ್ತಿದ್ದಳು. "ಇನ್ನೂ ಬಿಗಿ." "ಈಗ ಜಾಸ್ತಿ ಆಯ್ತು." "ಅದಕ್ಕಿಂತ ಒಂದು ಕೂದಲು ಕಡಿಮೆ ಮಾಡಿ." ಐದು ಸಲ ಬಿಚ್ಚಿ ಕಟ್ಟಿದರು. ಹಿಂದಿನ ಕಿಟಕಿಗೆ ಬಿಸಿಲು ಬಂತು. ನಾನು ಮೂವರಿಗೂ ಬನ್ನು ತಂದೆ, ಅಕ್ಕ ಕೈಗೆ ಜಿಡ್ಡಾಗುತ್ತದೆ ಎಂದು ಮುಟ್ಟಲಿಲ್ಲ.

ಕೊನೆಗೊಮ್ಮೆ ಅವಳು ಅದನ್ನೂ ಇದನ್ನೂ ಮುಟ್ಟಿ, ಮತ್ತೆ ಅದನ್ನು ಮುಟ್ಟಿ, "ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ" ಎಂದಳು. ಭಾವ ಹಲ್ಲುಗಳಿಗೆ ಹಳದಿ ಬಣ್ಣ ಸವರಿ ಚಕ್ರ ತಿರುಗಿಸಿದರು. ಬಣ್ಣ ಅಳಿಸಿದ ಗುರುತು ಹಲ್ಲಿನ ನಡುಮಧ್ಯೆ ಮೂಡಿತ್ತು. ಅದನ್ನು ನೋಡಲು ಅವರ ಕಣ್ಣು ಸಾಕಾಗಿತ್ತು. ಆದರೂ ಅವರು ಕೂತಿತು ಎನ್ನಲಿಲ್ಲ. ಕೈ ಒರೆಸಿಕೊಂಡು, ಬಾಗಿಲು ದಾಟಿ, ರಸ್ತೆ ದಾಟಿ, ಲೇತಿನವನ ಮುಂದೆ ಹೋಗಿ ನಿಂತರು.

"ನಿನ್ನ ಗಡಿಯಾರ ಸ್ವಲ್ಪ ಕೊಡು" ಎಂದರು.

ಲೇತಿನವನು ಮೆಷಿನ್ ಆರಿಸಿದ. ಇಪ್ಪತ್ತು ವರ್ಷದ ಬಾಕಿ ತೀರಿಸಲು ಇಂಥ ಗಳಿಗೆ ಮತ್ತೆ ಬರುವುದಿಲ್ಲ. ನಾನಾಗಿದ್ದರೆ ಇಡೀ ಬೀದಿಯನ್ನು ಕರೆಯುತ್ತಿದ್ದೆ. ಅವನು ಕಪಾಟಿನಿಂದ ಡಬ್ಬಿ ತೆಗೆದು ತೋಳಿನಲ್ಲಿ ಧೂಳು ಒರೆಸಿದ. "ಹಸಿವಾಯ್ತಾ ಡಾಕ್ಟ್ರೇ?" ಎಂದ.

"ತುಂಬಾ" ಎಂದರು ಭಾವ.

ಅವನೇ ಬಂದು ಗೇಜ್ ಹಚ್ಚಿ ಅಲ್ಲಾಡಿಸಿದ. ಮುಳ್ಳು ಹದಿನೈದು ಮನೆ ಸರಿದು ನಿಂತಿತು. ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಹದಿನೈದು. ಎಷ್ಟು ಬೇಕೋ ಅಷ್ಟೇ ಎಂದ. ಭಾವ ಅಕ್ಕನ ಕಡೆ ತಿರುಗಿ, "ಎರಡು ಕೂದಲು" ಎಂದರು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ಭಾವ ಜೀಪಿನ ಕೆಳಗೆ ತೂರುವ ಮೊದಲೇ ಹೇಳಿದರು. "ನನ್ನ ಬೆರಳಿಗೆ ಸ್ಪರ್ಶ ಇಲ್ಲ ಡಾಕ್ಟ್ರಮ್ಮ. ಅವತ್ತು ಒಪ್ಪಿಕೊಂಡಾಗ್ಲೇ ಇರ್ಲಿಲ್ಲ, ಮುಚ್ಚಿಟ್ಟೆ, ತಪ್ಪಾಯ್ತು. ಇದನ್ನ ಮುಟ್ಟಿ ನೋಡಿದ್ದು ಇವಳು, ಗೇಜ್ ಹಿಡಿದಿದ್ದು ಅವನು. ಬೇಡ ಅಂದ್ರೆ ಹಳೇದನ್ನೇ ಹಾಕಿ ಕೊಡ್ತೀನಿ."

ಡಾಕ್ಟರಮ್ಮ ಜೀಪಿನ ವಿಷಯ ಮಾತಾಡಲೇ ಇಲ್ಲ. ಕುರಿಯ ಗೊರಸು ಹಿಡಿಯುವ ಹಾಗೆ ಅವರ ಕೈ ಹಿಡಿದು ತಿರುಗಿಸಿ ನೋಡಿದರು. "ನಾನು ದನದ ಡಾಕ್ಟರು. ಆದ್ರೂ ಹೇಳ್ತೀನಿ, ನಾಳೆನೇ ಸಕ್ಕರೆ ಪರೀಕ್ಷೆ ಮಾಡಿಸಿ. ಕಾಲಲ್ಲಿ ಗಾಯ ಇದೆಯಾ ನೋಡ್ಕೊಳ್ಳಿ. ಈಗ ಇದನ್ನ ಹಾಕಿ, ನನಗೆ ಹೊತ್ತಾಗತ್ತೆ."

ಮಧ್ಯಾಹ್ನಕ್ಕೆ ಗಾಡಿ ತಯಾರಾಯಿತು. ಮೊದಲ ಸಲ ಏರು ಹತ್ತುವಾಗ ತಾನೂ ಒಳಗಿರಬೇಕು ಎಂದು ಭಾವ ಹಟ ಹಿಡಿದರು. ಹಾಗಾದರೆ ನಾನೂ ಎಂದಳು ಅಕ್ಕ. ನನಗೆ ಮನಸ್ಸಿರಲಿಲ್ಲ, ಮರ್ಯಾದೆಗೆ ಹತ್ತಿದೆ.

ಆ ಕೊರಕಲು ಬಂತು. ಎಡಗಡೆ ಹಿಂದಿನ ಚಕ್ರ ಗಾಳಿಗೆದ್ದು ತಿರುಗತೊಡಗಿತು, ಜೀಪು ನಿಂತಿತು. ಬಲಕ್ಕೆ ಹೊಂಡ. ನಾನು ಆ ಕಡೆ ನೋಡಲಿಲ್ಲ. "ಈಗ ಎಳೀರಿ" ಎಂದರು ಭಾವ. ಡಾಕ್ಟರಮ್ಮ ಸೀಟಿನ ಪಕ್ಕದ ಹಿಡಿ ಎಳೆದರು. ಕೆಳಗೆಲ್ಲೋ ಟಕ್ ಎಂದಿತು. ಭಾವ ಮೂವತ್ತೈದು ವರ್ಷದ ಅಭ್ಯಾಸಬಲದಿಂದ ಜೀಪಿನ ತಳದ ತಗಡಿಗೆ ಅಂಗೈ ಒತ್ತಿದರು, ಒತ್ತಿ ಅಕ್ಕನ ಮುಖ ನೋಡಿದರು. ಅಕ್ಕ ಬಗ್ಗಿ, ಅವರ ಕೈ ಪಕ್ಕದಲ್ಲೇ ತನ್ನ ಕೈ ಇಟ್ಟಳು.

"ಹೇಗಿದೆ?"

"ಸದ್ದಿಲ್ಲ, ನಡುಕ ಇಲ್ಲ. ಸುಮ್ಮನಿದೆ ರೀ."

ಜೀಪು ನಿಧಾನವಾಗಿ ಕೊರಕಲು ದಾಟಿತು. ಮೇಲೆ ಸಮತಟ್ಟಾದ ಜಾಗದಲ್ಲಿ ಹಿಡಿ ಬಿಟ್ಟಾಗ ಲಾಕ್ ಕಳಚಿಕೊಂಡಿತು. ಕುರಿಗಳು ಕೂಗುತ್ತಿದ್ದವು. ಆಗ ಭಾವ "ಕೂತಿತು" ಎಂದರು.

ಇದಾಗಿ ವರ್ಷವಾಯಿತು. ಭಾವ ಸಕ್ಕರೆಗೆ ಮಾತ್ರೆ ನುಂಗುತ್ತಾರೆ. ಸತ್ತ ಸ್ಪರ್ಶ ವಾಪಸು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಅಕ್ಕನ ಸೂಜಿಗೆ ದಾರ ಹಾಕುವುದು ಈಗಲೂ ಅವರೇ, ಬೆರಳಿಗೆ ಹೊಲಿಗೆಯವರ ತಗಡಿನ ಟೋಪಿ ಹಾಕಿಕೊಂಡು. ಅಕ್ಕ ವಾರದಲ್ಲಿ ಮೂರು ಮಧ್ಯಾಹ್ನ ಶೆಡ್ಡಿಗೆ ಬರುತ್ತಾಳೆ. ಒಳಗೆ ಎರಡನೆಯ ಸ್ಟೂಲು ಬಂದಿದೆ, ನನ್ನ ಗುಜರಿಯಿಂದಲೇ.

ಮೊನ್ನೆ ನಾನು ಅಲ್ಲಿ ಕೂತಿದ್ದಾಗ ದೂರದಿಂದ ಬಂದ ಲಾರಿಯವನೊಬ್ಬ ಬಾಗಿಲಲ್ಲಿ ನಿಂತು, "ಹಲ್ಲು ಡಾಕ್ಟರ್ ಇದ್ದಾರಾ?" ಎಂದು ಕೇಳಿದ. ಭಾವ ಬೋಲ್ಟ್ ಬಿಗಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಇರಿ" ಎಂದರು. "ಕೈ ತೊಳ್ಕೊತಿದ್ದಾಳೆ."